ಅಳಿಸೋ ಹಾಗಿಲ್ಲ

ಸಂಜೆ ಕರೆಂಟು ಹೋದರೆ ಅವಲಪಲ್ಲಿಯ ನಮ್ಮ ಬೀದಿಯವರೆಲ್ಲ ಬಾಗಿಲ ಮುಂದಿನ ಮೆಟ್ಟಿಲಿಗೆ ಬಂದು ಕೂರುತ್ತಾರೆ. ಹಾಗೊಂದು ಸಂಜೆ ಎದುರು ಮನೆಯ ಹುಡುಗಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. “ಸಾರ್, ಇದು ಕೆಟ್ಟಿದೆ ಅನ್ಸುತ್ತೆ. ಎಕ್ಸ್‌ಗೆ ಒಂದು ಸಲ 5 ಅಂತ ಕೊಟ್ಟ ಮೇಲೆ ಅದನ್ನ 6 ಮಾಡೋಕೆ ಬಿಡ್ತಾನೇ ಇಲ್ಲ.”

ಕೆಟ್ಟಿರಲಿಲ್ಲ. ಅವಳು ಬರೆಯುತ್ತಿದ್ದದ್ದು ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ. ಅಲ್ಲಿ ಒಂದು ಹೆಸರಿಗೆ ಒಂದೇ ಬೆಲೆ. ಒಮ್ಮೆ ಕೊಟ್ಟ ಮೇಲೆ ಮುಗಿಯಿತು, ಅಳಿಸಿ ಬರೆಯುವ ಹಾಗಿಲ್ಲ.

ಹುಡುಗಿ ಇಂಜಿನಿಯರಿಂಗ್ ಮೂರನೇ ವರ್ಷ. ಆನರ್ಸ್ ಪದವಿ ಬೇಕೆಂದರೆ ಮಾಮೂಲಿ ಕ್ರೆಡಿಟ್‌ಗಳ ಮೇಲೆ ಇನ್ನೂ 18 ಸಂಪಾದಿಸಬೇಕು. ಗಡಿಯ ಈ ಕಡೆ ತಮಿಳುನಾಡಿನ ಅಣ್ಣಾ ವಿಶ್ವವಿದ್ಯಾಲಯದಲ್ಲೂ ಆ ಕಡೆ ಕರ್ನಾಟಕದ ವಿಟಿಯುನಲ್ಲೂ ಲೆಕ್ಕ ಅದೇ 18. ಕ್ರೆಡಿಟ್ ಹುಡುಕುತ್ತ ಎನ್‌ಪಿಟೆಲ್‌ನ ಆನ್‌ಲೈನ್ ಕೋರ್ಸುಗಳ ಪಟ್ಟಿ ನೋಡುವಾಗ ‘ಫಂಕ್ಷನಲ್ ಪ್ರೋಗ್ರಾಮಿಂಗ್ ಇನ್ ಹ್ಯಾಸ್ಕೆಲ್’ ಕಣ್ಣಿಗೆ ಬಿದ್ದಿತ್ತು. ಎಂಟೇ ವಾರ ಅಂತ ಆರಿಸಿಕೊಂಡಳಂತೆ. ಎಂಟು ವಾರದ ಕೋರ್ಸೆಂದರೆ ಹಗುರ ಎಂದು ನಂಬುವ ವಯಸ್ಸು ನಮಗೂ ಇತ್ತು.

“ಅಲ್ಲ ಸಾರ್, ಬದಲಾಯಿಸೋಕೇ ಆಗದಿದ್ರೆ ಡೇಟಾ ಸ್ಟ್ರಕ್ಚರ್ ಯಾಕೆ? ಕ್ಯೂಗೆ ಸೇರಿಸೋದು ಹೇಗೆ, ತೆಗೆಯೋದು ಹೇಗೆ?”

ನಾನು ಇಪ್ಪತ್ತೆರಡು ವರ್ಷ ಸಿ ಭಾಷೆಯಲ್ಲಿ ಡೇಟಾ ಸ್ಟ್ರಕ್ಚರ್ ಪಾಠ ಮಾಡಿದವನು. ಬೋರ್ಡಿನ ಮೇಲೆ ಡಬ್ಬಿ ಬರೆದು, ಡಬ್ಬಿಯಿಂದ ಡಬ್ಬಿಗೆ ಬಾಣ ಎಳೆದು, ಬಾಣವನ್ನು ಡಸ್ಟರಿನಿಂದ ಒರೆಸಿ ಇನ್ನೊಂದು ಕಡೆಗೆ ತಿರುಗಿಸುವುದೇ ನಮ್ಮ ಪಾಠ. ಒರೆಸುವುದು ಸ್ವಲ್ಪ ಮುಂಚೆಯಾದರೆ ಉಳಿದ ಲಿಸ್ಟು ಗೋವಿಂದ. ಎಕ್ಸ್ ಸಮ ಎಕ್ಸ್ ಪ್ಲಸ್ ಒಂದು ಎಂದು ಗಣಿತದ ಮೇಷ್ಟ್ರ ಮುಂದೆ ಬರೆದರೆ ಬೈಸಿಕೊಳ್ಳುತ್ತೀರಿ, ನಮ್ಮ ಮುಂದೆ ಬರೆದರೆ ಮಾರ್ಕು. ಈ ವಿಚಿತ್ರ ಎಷ್ಟು ರೂಢಿಯಾಗಿದೆಯೆಂದರೆ ಅದು ವಿಚಿತ್ರ ಅಂತ ನನಗೆ ಹೊಳೆದದ್ದೇ ಐವತ್ತರ ಹತ್ತಿರ.

ನಾನು ಉತ್ತರ ಹುಡುಕುತ್ತಿದ್ದಾಗ ಉತ್ತರ ಹುಡುಗಿಯ ತಾತನ ಕೈಯಲ್ಲಿತ್ತು. ಮರುದಿನ ಹೊಸೂರಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕೆಂದು ತಾತ ಪ್ಲಾಸ್ಟಿಕ್ ಕವರಿನ ಕಾಗದಗಳನ್ನು ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಜೋಡಿಸುತ್ತ ಕೂತಿದ್ದರು. ನಮ್ಮ ಕಡೆ ರಾಗಿ ಹೊಲಗಳೆಲ್ಲ ಸೈಟುಗಳಾಗಿ, ಮನೆಗೊಂದು ಇಂಥ ಕವರು ಬಂದು ಕೂತಿದೆ. ಅದರೊಳಗೆ ಮುಖ್ಯವಾದದ್ದು ಇ.ಸಿ. ಕನ್ನಡದ ಕಾಗದಗಳಲ್ಲಿ ಋಣಭಾರ ಪತ್ರ, ತಮಿಳಿನಲ್ಲಿ ವಿಲ್ಲಂಗ ಸಾನ್ರಿದಳ್, ಎರಡೂ ಕಡೆಯವರ ಬಾಯಲ್ಲಿ ಈಸಿ.

ತಾತನ ಸೈಟಿನ ಇ.ಸಿ.ಯಲ್ಲಿ ಐದು ಸಾಲು. ಅಣ್ಣತಮ್ಮಂದಿರ ಭಾಗ, ಒಂದು ಕ್ರಯ, ಬ್ಯಾಂಕಿಗೆ ಅಡಮಾನ, ಅಡಮಾನ ತೀರಿದ್ದಕ್ಕೆ ರಸೀತಿ, ಮಗನಿಗೆ ದಾನಪತ್ರ. ಹುಡುಗಿ ಅಡಮಾನದ ಸಾಲಿನ ಮೇಲೆ ಬೆರಳಿಟ್ಟು, “ತಾತ, ಈ ಲೋನ್ ಕಟ್ಟಿ ಮುಗಿಸಿದ್ದೀವಲ್ಲ, ಇನ್ನೂ ಯಾಕಿದೆ?” ಅಂದಳು.

“ಈಸೀಲಿ ಏನೂ ಅಳ್ಸಲ್ಲಮ್ಮ. ಸಾಲ ತೀರಿದ್ರೂ ಸಾಲು ಹಂಗೇ ಇರುತ್ತೆ. ಕೆಳಗೆ ಇನ್ನೊಂದು ಸಾಲು ಬರುತ್ತೆ, ಅಷ್ಟೆ.”

ಫಂಕ್ಷನಲ್ ಪ್ರೋಗ್ರಾಮಿಂಗಿನಲ್ಲಿ ಡೇಟಾ ಸ್ಟ್ರಕ್ಚರ್ ಅಂದರೆ ಇದೇ. ಇದ್ದ ಲಿಸ್ಟನ್ನು ಯಾರೂ ಮುಟ್ಟುವುದಿಲ್ಲ. ಅದರ ತಲೆಗೆ ಇನ್ನೊಂದು ಅಂಶ ಅಂಟಿಸಿದರೆ ಹೊಸ ಲಿಸ್ಟು. ಹಳೆಯದು ಹಾಗೇ ಇದೆ, ಹೊಸದರ ಬಾಲವಾಗಿಯೂ ಅದೇ ಇದೆ. ನಕಲು ಮಾಡಲಿಲ್ಲ, ಹಂಚಿಕೊಂಡೆವು. ಯಾವ ವರ್ಷದ ಇ.ಸಿ. ಕೇಳಿದರೂ ಸಿಗುವ ಹಾಗೆ ಯಾವ ಗಳಿಗೆಯ ಲಿಸ್ಟು ಕೇಳಿದರೂ ಸಿಗುತ್ತದೆ.

ಇನ್ನೊಂದು ತಮಾಷೆ. ಬಾಣ ಒರೆಸಿ ತಿರುಗಿಸುವ ಕೆಲಸಕ್ಕೆ ಕಂಪ್ಯೂಟರಿನವರು ಇಟ್ಟ ಹೆಸರು ಮ್ಯುಟೇಶನ್. ಅತ್ತಿಬೆಲೆಯ ಗಡಿ ದಾಟಿದರೆ ರೈತರಿಗೆಲ್ಲ ಗೊತ್ತಿರುವ ಮಾತು ಅದು, ಖಾತೆ ಬದಲಾವಣೆ. ಆದರೆ ಕಂದಾಯ ಇಲಾಖೆಯ ಮ್ಯುಟೇಶನ್ ರಿಜಿಸ್ಟರಿನಲ್ಲಿ ಪ್ರತಿ ಬದಲಾವಣೆಗೂ ಒಂದು ಹೊಸ ಎಂ.ಆರ್. ನಂಬರು ಬೀಳುತ್ತದೆ, ಹಳೆಯ ನಂಬರು ಹಾಗೇ ಉಳಿಯುತ್ತದೆ. ಹೆಸರು ಮ್ಯುಟೇಶನ್, ನಡತೆ ಹ್ಯಾಸ್ಕೆಲ್. ಗ್ರಾಮಲೆಕ್ಕಿಗರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದ್ದಕ್ಕೆ ನಾನು ದಂಡವನ್ನೂ ತೆತ್ತಿದ್ದೇನೆ. ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ 62 ಹುಡುಗರ ಇಂಟರ್ನಲ್ ಮಾರ್ಕುಗಳ ಎಕ್ಸೆಲ್ ಹಾಳೆಯ ಹೆಸರಿನಲ್ಲೇ ಇನ್ನೊಂದು ಸೆಕ್ಷನ್ನಿನ ಹಾಳೆಯನ್ನು ಉಳಿಸಿಬಿಟ್ಟೆ. ಒಂದರ ಮೇಲೊಂದು ಕೂತು ಕೆಳಗಿನದು ಮಾಯ. ಎರಡು ರಾತ್ರಿ ಉತ್ತರಪತ್ರಿಕೆಗಳನ್ನು ಗೋಣಿಯಿಂದ ಸುರಿದುಕೊಂಡು ಮತ್ತೆ ಮಾರ್ಕು ಕೂಡಿದೆ. ಬೆಳಗ್ಗೆ ಅದೇ ಕೈಯಲ್ಲಿ ಚಾಕ್ ಹಿಡಿದು ಪಾಯಿಂಟರನ್ನು ಒರೆಸಿ ಬರೆಯುವುದು ಹೇಗೆ ಅಂತ ಪಾಠ.

ಲಿಸ್ಟಿಗೆ ತಲೆಯ ಕಡೆ ಅಂಟಿಸುವುದು ಸುಲಭ. ಮರದ ಆಕಾರದ ರಚನೆಯಾದರೆ, ನಡುವಿನ ಕೊಂಬೆಯಲ್ಲಿ ಒಂದು ಎಲೆ ಬದಲಾದರೆ? ಇಡೀ ಮರವನ್ನು ನಕಲು ಮಾಡಬೇಕೇ? ಹುಡುಗಿ ಕೇಳಿದ ಎರಡನೇ ಪ್ರಶ್ನೆ ಇದು. ಇದಕ್ಕೂ ನಮ್ಮ ಊರೇ ಉದಾಹರಣೆ. ತಾತ ಹುಟ್ಟಿದಾಗ ಹೊಸೂರು ತಾಲ್ಲೂಕು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆ ಹುಟ್ಟಿ ನಾವು ಅದರೊಳಗೆ ಬಂದೆವು. 2004ರ ಫೆಬ್ರುವರಿ 9ಕ್ಕೆ ಧರ್ಮಪುರಿ ಒಡೆದು ಕೃಷ್ಣಗಿರಿ ಜಿಲ್ಲೆ ಬಂತು. ಇಷ್ಟೆಲ್ಲ ಆದರೂ ಅವಲಪಲ್ಲಿಯ ಒಂದು ಹೊಲವೂ ಇದ್ದ ಜಾಗದಿಂದ ಕದಲಲಿಲ್ಲ. ಮೇಲಿನ ಎರಡು ಗಂಟುಗಳು ಹೊಸದಾದವು. ರಾಜ್ಯದ ಪಟ್ಟಿ ಹೊಸದು, ಜಿಲ್ಲೆಯ ಹೆಸರು ಹೊಸದು. ತಾಲ್ಲೂಕು, ಫಿರ್ಕಾ, ಹಳ್ಳಿ ಎಲ್ಲ ಹಳೆಯವೇ, ಹೊಸ ಗಂಟಿಗೆ ತಗಲಿಕೊಂಡವು. ಧರ್ಮಪುರಿ ಅಂತ ಸೀಲು ಬಿದ್ದ ಹಳೆಯ ಫೈಲು ಹಿಡಿದು ಹೋದರೂ ದಾರಿ ಅದೇ ಹೊಲಕ್ಕೆ ಮುಟ್ಟುತ್ತದೆ.

ಫಂಕ್ಷನಲ್ ಮರದಲ್ಲಿ ನಡೆಯುವುದು ಇಷ್ಟೇ. ಬದಲಾದ ಎಲೆಯಿಂದ ಬೇರಿನ ತನಕ ಇರುವ ದಾರಿಯ ಗಂಟುಗಳನ್ನು ಮಾತ್ರ ಹೊಸದಾಗಿ ಮಾಡುತ್ತಾರೆ. ಉಳಿದದ್ದೆಲ್ಲ ಹಳೆ ಮರಕ್ಕೂ ಹೊಸ ಮರಕ್ಕೂ ಸಮಾನ. (ಕಂಪ್ಯೂಟರಿನವರ ಮರಕ್ಕೆ ಬೇರು ಮೇಲೆ, ಎಲೆ ಕೆಳಗೆ. ಯಾಕೆ ಅಂತ ಕೇಳಬೇಡಿ.) ಸಮತೂಕದ ಮರವಾದರೆ ಹತ್ತು ಲಕ್ಷ ಗಂಟುಗಳಲ್ಲಿ ಹೊಸದಾಗಿ ಮಾಡಬೇಕಾದ್ದು ಸುಮಾರು ಇಪ್ಪತ್ತು. ಹಳೆಯ ಬೇರನ್ನು ಯಾರೂ ಹಿಡಿದುಕೊಂಡಿಲ್ಲವೆಂದಾದಾಗ ಆ ಜಾಗವನ್ನು ಕಂಪ್ಯೂಟರು ತಾನೇ ಗುಡಿಸಿಕೊಳ್ಳುತ್ತದೆ. ಹೀಗೆ ಹಳೆಯ ಆವೃತ್ತಿಗಳು ಬದುಕಿರುವ ರಚನೆಗಳಿಗೆ ಪರ್ಸಿಸ್ಟೆಂಟ್ ಎಂದು ಹೆಸರು. ಡ್ರಿಸ್ಕಾಲ್, ಸಾರ್ನಾಕ್, ಸ್ಲೀಟರ್, ಟಾರ್ಜನ್ ಎಂಬ ನಾಲ್ವರು 1986ರಲ್ಲಿ ಮಂಡಿಸಿದ ಪ್ರಬಂಧದಿಂದ ಆ ಹೆಸರು ನೆಲೆ ನಿಂತಿತು.

ಅಷ್ಟರಲ್ಲಿ ಕರೆಂಟು ಬಂತು. ಯಾರೂ ಏಳಲಿಲ್ಲ.

ನಿಜವಾದ ಕಷ್ಟ ಕ್ಯೂನಲ್ಲಿದೆ. ಕ್ಯೂ ಅಂದರೆ ಹಿಂದಿನಿಂದ ಸೇರಬೇಕು, ಮುಂದಿನಿಂದ ಹೋಗಬೇಕು. ಹ್ಯಾಸ್ಕೆಲ್‌ನ ಲಿಸ್ಟಿನಲ್ಲಿ ಕೈಗೆ ಎಟಕುವುದು ತಲೆ ಒಂದೇ, ಬಾಲ ಮುಟ್ಟಬೇಕಾದರೆ ಉದ್ದಕ್ಕೂ ನಡೆಯಬೇಕು. ಇದನ್ನು ಬಿಡಿಸುವ ಉಪಾಯವನ್ನು ನಾನು ಚಿಕ್ಕವನಿದ್ದಾಗಲೇ ನೋಡಿದ್ದೆ, ರೇಷನ್ ಅಂಗಡಿಯಲ್ಲಿ. ಆಗ ಕಾರ್ಡು ಅಂದರೆ ಪುಟ್ಟ ಪುಸ್ತಕ. ಬಂದವರು ಅದನ್ನು ಮೇಜಿನ ಮೇಲಿದ್ದ ಕಟ್ಟಿನ ಮೇಲಿಟ್ಟು ಹುಣಸೆ ಮರದ ನೆರಳಿಗೆ ಹೋಗಿ ಕೂರುತ್ತಿದ್ದರು. ಕಟ್ಟಿನಲ್ಲಿ ಕೊನೆಗೆ ಬಂದವರ ಕಾರ್ಡು ಮೇಲೆ, ಮೊದಲು ಬಂದವರದು ಅಡಿಯಲ್ಲಿ. ಅಂಗಡಿಯವನ ಎಡಗಡೆ ಇನ್ನೊಂದು ಕಟ್ಟು. ಅದರ ಮೇಲಿನಿಂದ ಒಂದೊಂದೇ ತೆಗೆದು ಹೆಸರು ಕೂಗುತ್ತಿದ್ದ. ಅದು ಮುಗಿದೊಡನೆ ಮೇಜಿನ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಮಗುಚಿ, ಎಡಕ್ಕೆ ಇಟ್ಟುಕೊಳ್ಳುತ್ತಿದ್ದ. ಮೊದಲು ಬಂದವರು ಈಗ ಮೇಲೆ.

ಎರಡು ಲಿಸ್ಟಿನ ಕ್ಯೂ ಇದೇ. ಮುಂದಿನ ಕಟ್ಟು, ಹಿಂದಿನ ಕಟ್ಟು. ಅಂಗಡಿಯವನು ಒಂದೇ ಏಟಿಗೆ ಮಗುಚುತ್ತಿದ್ದ, ಕಂಪ್ಯೂಟರು ಮಾತ್ರ ಒಂದೊಂದೇ ಕಾರ್ಡು ತೆಗೆದು ಇನ್ನೊಂದರ ಮೇಲಿಡಬೇಕು. ಮುನ್ನೂರು ಕಾರ್ಡಿದ್ದರೆ ಮುನ್ನೂರು ಹೆಜ್ಜೆ. “ಹಾಗಾದ್ರೆ ಅದು ನಿಧಾನ ಅಲ್ವಾ ಸಾರ್?” ಅಲ್ಲ. ಒಂದು ಕಾರ್ಡು ಜೀವಮಾನದಲ್ಲಿ ಒಂದೇ ಸಲ ಮಗುಚಿಕೊಳ್ಳುತ್ತದೆ. ಕಾರ್ಡಿಡುವಾಗಲೇ ಪ್ರತಿಯೊಬ್ಬರೂ ಒಂದು ರೂಪಾಯಿ ಹೆಚ್ಚಿಗೆ ಡಬ್ಬಿಗೆ ಹಾಕಿದ್ದಾರೆ ಅಂದುಕೊಳ್ಳಿ, ಮಗುಚುವ ದಿನ ಮುನ್ನೂರು ಹೆಜ್ಜೆಗೆ ಮುನ್ನೂರು ರೂಪಾಯಿ ಡಬ್ಬಿಯಲ್ಲಿ ತಯಾರಿರುತ್ತದೆ. ಚೀಟಿ ಹಾಕುವವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಒಂದು ದಿನ ದೊಡ್ಡ ಖರ್ಚು, ತಿಂಗಳಿಗೆ ಹಂಚಿದರೆ ಚಿಲ್ಲರೆ. ನಮ್ಮ ಸಿಲಬಸ್ಸಿನಲ್ಲಿ ಇದಕ್ಕೆ ಅಮಾರ್ಟೈಸ್ಡ್ ಕಾಸ್ಟ್ ಎಂಬ ಭಾರದ ಹೆಸರು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಚೆನ್ನಾಗಿದೆ. ಆದರೆ ಹಳೆಯ ಆವೃತ್ತಿ ಅಳಿಯುವುದಿಲ್ಲ ಅಂತ ಈಗಷ್ಟೇ ಹೆಮ್ಮೆ ಕೊಚ್ಚಿಕೊಂಡೆವಲ್ಲ, ಅದೇ ಇಲ್ಲಿ ಕಾಲಿಗೆ ತೊಡರುತ್ತದೆ. ಮಗುಚುವುದಕ್ಕೆ ಸ್ವಲ್ಪ ಮುಂಚಿನ ಕ್ಯೂವನ್ನು ಯಾರೋ ಎತ್ತಿಟ್ಟುಕೊಂಡಿದ್ದಾರೆ. ಅದರಿಂದ ಒಬ್ಬರನ್ನು ಕರೆಯುತ್ತಾರೆ, ಮುನ್ನೂರು ಹೆಜ್ಜೆ. ಮತ್ತೆ ಅದೇ ಹಳೆಯ ಕ್ಯೂಗೆ ಹೋಗಿ ಇನ್ನೊಮ್ಮೆ ಕರೆಯುತ್ತಾರೆ, ಮತ್ತೆ ಮುನ್ನೂರು. ಡಬ್ಬಿಯ ಹಣವೋ ಮೊದಲನೇ ಸಲವೇ ಖರ್ಚಾಗಿ ಹೋಗಿದೆ. ಒಂದೇ ಸೈಟನ್ನು ಎರಡು ಬ್ಯಾಂಕಿಗೆ ಅಡ ಇಟ್ಟ ಹಾಗೆ.

ಈ ಗಂಟನ್ನು ಬಿಚ್ಚಿದವರಲ್ಲಿ ಮುಖ್ಯನಾದವನು ಕ್ರಿಸ್ ಒಕಾಸಾಕಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಡಾಕ್ಟರೇಟಿಗಾಗಿ ಬರೆದ ಪ್ರಬಂಧ 1998ರಲ್ಲಿ ‘ಪ್ಯೂರ್ಲಿ ಫಂಕ್ಷನಲ್ ಡೇಟಾ ಸ್ಟ್ರಕ್ಚರ್ಸ್’ ಎಂಬ ಪುಸ್ತಕವಾಯಿತು. ಈ ವಿಷಯದ ಕೋರ್ಸು ಲೋಕದಲ್ಲಿ ಎಲ್ಲಿ ನಡೆದರೂ ಮೇಜಿನ ಮೇಲೆ ಆ ತೆಳು ಪುಸ್ತಕ ಇರುತ್ತದೆ. ಅವನ ಯೋಚನೆ ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಉಳಿತಾಯದ ಲೆಕ್ಕ ಬಿಡಿ, ಸಾಲದ ಲೆಕ್ಕ ಇಡಿ ಎನ್ನುತ್ತಾನೆ.

ಹೇಗೆಂದರೆ, ಮಗುಚುವ ಕೆಲಸಕ್ಕೆ ಮುಂದಿನ ಕಟ್ಟು ಪೂರ್ತಿ ಖಾಲಿಯಾಗುವ ತನಕ ಕಾಯುವುದಿಲ್ಲ. ಹಿಂದಿನ ಕಟ್ಟು ಮುಂದಿನದಕ್ಕಿಂತ ದೊಡ್ಡದಾದ ಕೂಡಲೇ ‘ಮಗುಚಿಕೊಡುತ್ತೇನೆ’ ಅಂತ ಒಂದು ಪ್ರಾಮಿಸರಿ ನೋಟು ಬರೆದು ಮುಂದಿನ ಕಟ್ಟಿನ ಅಡಿಗೆ ಸೇರಿಸುತ್ತಾರೆ. ಕೆಲಸ ಆಗಿಲ್ಲ, ಮಾತು ಮಾತ್ರ. ಹ್ಯಾಸ್ಕೆಲ್‌ನ ಸ್ವಭಾವವೇ ಸೋಮಾರಿ, ಬೇಕಾಗುವ ತನಕ ಯಾವ ಲೆಕ್ಕವನ್ನೂ ಮಾಡುವುದಿಲ್ಲ. ನೋಟಿನ ಸರದಿ ಬರುವಷ್ಟರಲ್ಲಿ ಮುಂದಿನ ಕಟ್ಟಿನ ಅಷ್ಟೂ ಜನ ಹೋಗಿರುತ್ತಾರೆ. ಹೋಗುವಾಗ ಒಬ್ಬೊಬ್ಬರೂ ಸಾಲದ ಒಂದೊಂದು ಕಂತು ಕಟ್ಟಿರುತ್ತಾರೆ. ನೋಟು ಒಡೆಯುವ ಹೊತ್ತಿಗೆ ಸಾಲ ಚುಕ್ತಾ. ಒಮ್ಮೆ ಮಗುಚಿದ ಮೇಲೆ ಫಲ ನೆನಪಿನಲ್ಲಿ ಉಳಿಯುತ್ತದೆ, ಆ ನೋಟನ್ನು ಹಂಚಿಕೊಂಡ ಎಲ್ಲ ಆವೃತ್ತಿಗಳಿಗೂ ಅದೇ ಫಲ ಬಿಟ್ಟಿಯಾಗಿ ಸಿಗುತ್ತದೆ. ಎರಡು ಆವೃತ್ತಿಗಳು ಅದೇ ಸಾಲದ ಕಂತನ್ನು ಬೇರೆ ಬೇರೆಯಾಗಿ ಕಟ್ಟಿದವು ಅನ್ನಿ, ನಮ್ಮ ಲೆಕ್ಕ ಕೆಡುವುದಿಲ್ಲ. ಉಳಿತಾಯವನ್ನು ಎರಡು ಸಲ ಖರ್ಚು ಮಾಡಿದರೆ ಮೋಸ, ಸಾಲವನ್ನು ಎರಡು ಸಲ ತೀರಿಸಿದರೆ ಬಾಧಕವಿಲ್ಲ.

ಅಲ್ಲಿಯ ತನಕ ಸುಮ್ಮನೆ ಕೇಳುತ್ತಿದ್ದ ತಾತ ತಲೆಯೆತ್ತಿದರು. “ಎರಡು ಸಲ ಕಟ್ಟುದ್ರೆ ಬಾಧಕ ಇಲ್ವಾ? ಬ್ಯಾಂಕಿನವರು ಹಂಗಂತಲೇ ಹೇಳ್ತಾರೆ ಬಿಡಿ.”

ಮೆಟ್ಟಿಲ ಮೇಲಿನ ಈ ಮಾತನ್ನು ಪದವಿಯ ಮೊದಲ ಸೆಮಿಸ್ಟರಿನಲ್ಲೇ ಶುರು ಮಾಡುವ ಜಾಗ ನಮ್ಮ ರಾಜ್ಯದಲ್ಲೇ ಇದೆ. ಗಣಿತಜ್ಞ ಸಿ.ಎಸ್. ಶೇಷಾದ್ರಿ 1989ರಲ್ಲಿ ಕಟ್ಟಿದ ಸಂಸ್ಥೆ ಇವತ್ತಿನ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್. 1998ರಿಂದ ಅಲ್ಲಿ ಪದವಿ ತರಗತಿಗಳಿವೆ. ಟಿ. ನಗರದಲ್ಲಿದ್ದದ್ದು 2005ರಲ್ಲಿ ಸಿರುಸೇರಿಗೆ ಹೋಯಿತು. ಗಣಿತ ಮತ್ತು ಕಂಪ್ಯೂಟರ್ ಸೈನ್ಸಿನ ಬಿ.ಎಸ್ಸಿ. ಆನರ್ಸ್‌ಗೆ ಬಂದ ಮಕ್ಕಳಿಗೆ ಅಲ್ಲಿ ಪ್ರೋಗ್ರಾಮಿಂಗಿನ ಓನಾಮ ಬಹುಕಾಲದಿಂದ ಹ್ಯಾಸ್ಕೆಲ್‌ನಲ್ಲೇ. ಎನ್‌ಪಿಟೆಲ್‌ನಲ್ಲಿ ನಮ್ಮ ಹುಡುಗಿ ಕೇಳುತ್ತಿದ್ದ ಪಾಠಗಳೂ ಅಲ್ಲಿನ ಮಾಧವನ್ ಮುಕುಂದ್ ಮತ್ತು ಎಸ್.ಪಿ. ಸುರೇಶ್ ಅವರವೇ. ದೆಹಲಿಯ ಐಐಟಿಯಲ್ಲಿ ಒಂದು ಕಾಲಕ್ಕೆ ಎಂಎಲ್ ಭಾಷೆಯಲ್ಲಿ ಮೊದಲ ಪಾಠ ಮಾಡುತ್ತಿದ್ದರು. ಅಮೆರಿಕದ ಕಾರ್ನೆಲ್‌ನಲ್ಲಿ ಒಕ್ಯಾಮೆಲ್ ಭಾಷೆಯಲ್ಲಿ ನಡೆಯುವ 3110 ನಂಬರಿನ ಕೋರ್ಸಿಗೆ ಬಹುಕಾಲ ಇದ್ದ ಹೆಸರೇ ‘ಡೇಟಾ ಸ್ಟ್ರಕ್ಚರ್ಸ್ ಅಂಡ್ ಫಂಕ್ಷನಲ್ ಪ್ರೋಗ್ರಾಮಿಂಗ್’. ಆ ಒಕ್ಯಾಮೆಲ್ ಭಾಷೆಯೇ 2022ರ ಡಿಸೆಂಬರಿನಲ್ಲಿ 5.0 ಆವೃತ್ತಿಗೆ ಬಂದು ಏಕಕಾಲಕ್ಕೆ ಹಲವು ಕೋರ್‌ಗಳನ್ನು ಬಳಸಲು ಕಲಿತದ್ದರ ಹಿಂದೆ ಮದ್ರಾಸ್ ಐಐಟಿಯ ಕೆ.ಸಿ. ಶಿವರಾಮಕೃಷ್ಣನ್ ಅವರ ದುಡಿಮೆ ದೊಡ್ಡದು.

ಮೊದಲ ಭಾಷೆಯಾಗಿ ಹ್ಯಾಸ್ಕೆಲ್ ಕೊಡುವುದರಲ್ಲಿ ನನಗೆ ಮೆಚ್ಚುಗೆಯಾಗುವ ಸಂಗತಿ ಒಂದಿದೆ. ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಎಂಟನೇ ಕ್ಲಾಸಿನಿಂದ ಪೈಥಾನ್ ಮಾಡಿದ ಹುಡುಗನೂ ಬಾಗಲೂರಿನ ಸರ್ಕಾರಿ ಶಾಲೆಯಿಂದ ಬಂದ ಹುಡುಗಿಯೂ ಮೊದಲ ದಿನ ಸಮಾನವಾಗಿ ಕಂಗಾಲಾಗುತ್ತಾರೆ. ಪೈಥಾನ್ ಗೊತ್ತಿದ್ದವನು ಸ್ವಲ್ಪ ಹೆಚ್ಚೇ ಕಂಗಾಲು, ಅವನು ಮರೆಯಬೇಕಾದದ್ದು ಜಾಸ್ತಿ.

ಈ ವಿದ್ಯೆ ಹೊಸದೇನೂ ಅಲ್ಲ. ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯನ್ನು ಶುರು ಮಾಡಿದ್ದು 1958ರಲ್ಲಿ. ಫೋರ್ಟ್ರಾನ್ ಕಟ್ಟಿ ಹೆಸರಾಗಿದ್ದ ಜಾನ್ ಬ್ಯಾಕಸ್, ಟ್ಯೂರಿಂಗ್ ಪ್ರಶಸ್ತಿ ಪಡೆದು 1977ರಲ್ಲಿ ಮಾಡಿದ ಭಾಷಣದಲ್ಲಿ, ಒಂದೊಂದೇ ಪದವನ್ನು ಮೆಮೊರಿಯಿಂದ ತಂದು ತಿದ್ದಿ ಹಿಂದಕ್ಕೆ ಇಡುವ ಶೈಲಿಯ ಮೇಲೆಯೇ, ಅಂದರೆ ತನ್ನ ಕೂಸಿನ ಮೇಲೆಯೇ, ಹರಿಹಾಯ್ದ. ಕೈತುಂಬ ಪ್ರಶಸ್ತಿ ಹಿಡಿದು ತಪ್ಪೊಪ್ಪಿಕೊಂಡವರು ಕಡಿಮೆ.

ಇಷ್ಟಾದರೂ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೆ ಜಾಗವಿಲ್ಲ. ಹಿಂದೊಮ್ಮೆ ನಾನಿದ್ದ ವಿಭಾಗದ ಸಭೆಯಲ್ಲಿ ಇದನ್ನು ಐಚ್ಛಿಕವಾಗಿ ಇಡೋಣ ಎಂದಾಗ ಬಂದ ಪ್ರಶ್ನೆ ಒಂದೇ, ಪ್ಲೇಸ್‌ಮೆಂಟಿಗೆ ಏನು ಉಪಯೋಗ? ಉತ್ತರ ಹೇಳುವಷ್ಟರಲ್ಲಿ ಕಾಫಿ ಬಂತು, ಅಜೆಂಡಾ ಮುಂದೆ ಹೋಯಿತು. ಕೇಳಿದವರದು ಪೂರ್ತಿ ತಪ್ಪೂ ಅಲ್ಲ. ಇಂಟರ್‌ವ್ಯೂನಲ್ಲಿ ಅರೇ ಕೊಟ್ಟು ತಿರುಗಿಸು ಎನ್ನುತ್ತಾರೆ. ಅರೇಯ ಸಾವಿರದ ಮನೆಗೆ ಒಂದೇ ಹೆಜ್ಜೆಯಲ್ಲಿ ಹಾರಿ, ಅಲ್ಲಿದ್ದದ್ದನ್ನು ಅಳಿಸಿ ಬರೆಯುವ ವೇಗ ಫಂಕ್ಷನಲ್ ಮರಗಳಿಗೆ ಇಲ್ಲ. ಮೆಮೊರಿಯೂ ಜಾಸ್ತಿ ತಿನ್ನುತ್ತವೆ. ಇದನ್ನು ಮುಚ್ಚಿಟ್ಟು ಹೊಗಳುವವರನ್ನು ನಾನು ನಂಬುವುದಿಲ್ಲ.

ಆದರೆ ಉಪಯೋಗವೇ ಇಲ್ಲ ಅನ್ನುವವರು ಒಂದು ಆಟೋ ಹತ್ತಬೇಕು. ಬೆಂಗಳೂರಿನ ಚಾಲಕರು 2022ರ ಕೊನೆಯಿಂದ ಬಳಸುತ್ತಿರುವ ‘ನಮ್ಮ ಯಾತ್ರಿ’ ಆ್ಯಪ್‌ನ ಹಿಂಬದಿಯ ಕೋಡು ಬರೆದಿರುವುದು ಹ್ಯಾಸ್ಕೆಲ್‌ನಲ್ಲಿ. ಅದನ್ನು ಕಟ್ಟಿದ ಜಸ್‌ಪೇ ಬೆಂಗಳೂರಿನದೇ ಕಂಪನಿ. ಕೋಡನ್ನು ಬಹಿರಂಗವಾಗಿ ಇಟ್ಟಿದ್ದಾರೆ, ಯಾರು ಬೇಕಾದರೂ ತೆರೆದು ಓದಬಹುದು. ಇದನ್ನು ಹೇಳಿದಾಗ ಹುಡುಗಿಯ ಅಪ್ಪ ಮೊದಲ ಬಾರಿಗೆ ನಮ್ಮ ಮಾತಿನತ್ತ ತಿರುಗಿದರು. ಸಾಫ್ಟ್‌ವೇರಿನವರು ದಿನಾ ಬಳಸುವ ಗಿಟ್ ಕೂಡ, 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಬರೆದದ್ದು, ಹಳೆಯದನ್ನು ಮುಟ್ಟದೆ ಹೊಸ ಬೇರು ಕಟ್ಟುತ್ತ ಹೋಗುವ ಮರವೇ. ನನ್ನ 62 ಹುಡುಗರ ಮಾರ್ಕು ಅದರೊಳಗಿದ್ದಿದ್ದರೆ ಎರಡು ರಾತ್ರಿ ನಿದ್ದೆ ಉಳಿಯುತ್ತಿತ್ತು.

ಮೂರು ವಾರ ಕಳೆದು ಹುಡುಗಿ ಮತ್ತೆ ಬಂದಳು. ಸಾವಿರ ರೂಪಾಯಿ ಕಟ್ಟಿ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದಳು. ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಎರಡು ಲಿಸ್ಟಿನ ಕ್ಯೂ ನೀರು ಕುಡಿದಷ್ಟು ಸಲೀಸಾಗಿತ್ತು. ಈಗ ಕೋರ್ಸಿನ ಆಚೆಗೆ ಹೋಗಿ ಒಕಾಸಾಕಿಯ ಪುಸ್ತಕ ಹಿಡಿದಿದ್ದಳು, ರೆಡ್-ಬ್ಲ್ಯಾಕ್ ಮರದ ಅಧ್ಯಾಯ. ನಾನು ಸಿ ಭಾಷೆಯಲ್ಲಿ ಈ ಮರಕ್ಕೆ ಒಂದು ಅಂಶ ಸೇರಿಸುವ ಪಾಠವನ್ನು ಎರಡು ಕ್ಲಾಸು ಎಳೆಯುತ್ತಿದ್ದೆ. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಚಿಕ್ಕಪ್ಪ ಕೆಂಪಾದರೆ ಹೀಗೆ, ಕಪ್ಪಾದರೆ ಹಾಗೆ. ಹುಡುಗರು ಬಾಯಿಪಾಠ ಮಾಡಿ ಬರೆದು ಮರೆಯುತ್ತಿದ್ದರು. ಒಕಾಸಾಕಿಯಲ್ಲಿ ಸಮತೂಕ ತಪ್ಪುವ ಚಿತ್ರಗಳು ನಾಲ್ಕೇ, ನಾಲ್ಕಕ್ಕೂ ಪರಿಹಾರದ ಚಿತ್ರ ಒಂದೇ. ಕಪ್ಪು ಅಜ್ಜನ ಕೆಳಗೆ ಕೆಂಪು ಅಪ್ಪ, ಅವನ ಕೆಳಗೆ ಕೆಂಪು ಮಗ ಬಂದರೆ, ಮೂವರಲ್ಲಿ ನಡುವಿನ ಬೆಲೆಯವನನ್ನು ಕೆಂಪು ಮಾಡಿ ಮೇಲೆ ಕೂರಿಸು, ಉಳಿದಿಬ್ಬರು ಕಪ್ಪಾಗಿ ಎಡಬಲಕ್ಕೆ. ಎಲ್ಲ ಸೇರಿ ಹತ್ತು ಹನ್ನೆರಡು ಸಾಲು. ಅವಳು ಅದನ್ನು ನನಗೇ ಪಾಠ ಮಾಡಿದಳು, ಕೋಡು ನೋಡದೆ, ಅಂಗಳದ ಸಿಮೆಂಟಿನ ಮೇಲೆ ರಂಗೋಲಿ ಪುಡಿಯಲ್ಲಿ ಬರೆದು.

ಆಮೇಲೆ ಪುಟ ತಿರುವಿ ಹಿಂದೆ ಮುಂದೆ ಹುಡುಕಿದಳು.

“ಸಾರ್, ಸೇರಿಸೋದು ಇದೆ. ಈ ಮರದಿಂದ ತೆಗೆಯೋದು ಹೇಗೆ ಅಂತ ಪುಸ್ತಕದಲ್ಲೇ ಇಲ್ಲ.”

ನಿಜ, ಇಲ್ಲ. ಒಕಾಸಾಕಿ ಅದನ್ನು ಬಿಟ್ಟಿದ್ದಾನೆ. ಸ್ಟೆಫಾನ್ ಕಾರ್ಸ್ ಎಂಬಾತ 2001ರಲ್ಲಿ ಒಂದು ದಾರಿ ತೋರಿಸಿದ. 2014ರಲ್ಲಿ ಇನ್ನಿಬ್ಬರು ಅದರ ಬಗ್ಗೆಯೇ ಬರೆದ ಪ್ರಬಂಧದ ಹೆಸರಿನಲ್ಲಿ ತೆಗೆಯುವುದನ್ನು ಈ ಮರದ ಶಾಪ ಎಂದೇ ಕರೆದಿದ್ದಾರೆ. ಅದನ್ನು ಹುಡುಕಿಕೊಡುತ್ತೇನೆ ಅಂದೆ. ಅವಳಿಗೆ ತಾಳ್ಮೆ ಇರಲಿಲ್ಲ. ಪೊರಕೆ ತಂದು ರಂಗೋಲಿಯ ಮರದಿಂದ ಒಂದು ಕಪ್ಪು ಗಂಟನ್ನು ಗುಡಿಸಿ, ಉಳಿದದ್ದು ಹೇಗೆ ವಾಲುತ್ತದೆ ಅಂತ ನೋಡುತ್ತ ನಿಂತಳು.